ಸೇಂಟ್ ತೋಮಸ್ ದ್ವೀಪದ ರೆಬೆಕ್ಕಳ ಚರಿತ್ರೆ

ಅಮೇರಿಕಾ ಖಂಡದ ಉತ್ತರ ದಕ್ಷಿಣ ಭಾಗಗಳ ನಡುವೆ, ಮೂಡಣ ದಿಕ್ಕಿನಲ್ಲಿ, ಕರಿಬಿಯನ್ ಎಂಬ ಸಮುದ್ರವುಂಟು. ಅದರಲ್ಲಿ ಮಣಿಮಾಲೆಯಂತೆ ಚದರಿಕೊಂಡಿರುವ ದ್ವೀಪಗಳಿಗೆ ವೆಸ್ಟ್ ಇಂಡೀಸ್ ಎಂದು ಹೆಸರು. ಆ ದ್ವೀಪಗಳಲ್ಲಿ ಸೇಂಟ್ ತೋಮಸ್ ಎಂಬದು ತೀರ ಚಿಕ್ಕದು. ಅದರ ವಿಸ್ತಾರವು ಸುಮಾರು 32 ಚದರ ಮೈಲು ಮಾತ್ರ, ಅಂದರೆ ನಮ್ಮ ಒಂದು ದೊಡ್ಡ ಹೋಬಳಿಗಿಂತಲೂ ಹೆಚ್ಚಲ್ಲ. 1672ರಲ್ಲಿ ಡೆನ್ಮಾರ್ಕ್ ದೇಶದವರು ಅಲ್ಲಿ ಇಳಿದು, ಬಂದರಿನ ಬಳಿಯಲ್ಲಿ ಕೋಟೆಯನ್ನು ಕಟ್ಟಿ, ಕಬ್ಬಿನ ಮತ್ತು ಹತ್ತಿಯ ತೋಟಗಳನ್ನು ಮಾಡಿಸತೊಡಗಿದರು. ತೋಟಗಳಲ್ಲಿ ದುಡಿಯುವದಕ್ಕೋಸ್ಕರ ಆಫ್ರಿಕದಿಂದ ಗಂಡಸರನ್ನೂ ಹೆಂಗಸರನ್ನೂ ಹಡಗುಗಳಲ್ಲಿ ತುಂಬಿಸಿ ತಂದು, ದನಗಳನ್ನು ಮಾರುವಂತೆ ಮಾರಿದರು. 1725ರ ಸುಮಾರಿಗೆ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಗುಲಾಮರಿದ್ದರು. ಬಿಳಿಯರಾದರೋ ಕೆಲವು ನೂರು ಮಂದಿ ಮಾತ್ರ.

ದ್ವೀಪದ ಮೇಲೆ ಹಾರುತ್ತಿದ್ದ ಧ್ವಜವು ಡೆನ್ಮಾರ್ಕಿನದಾದರೂ ಅಲ್ಲಿಯ ಧಣಿಗಳಲ್ಲಿ ಹೆಚ್ಚು ಮಂದಿ ಡಚ್ಚರು. ಆಳುವವರ ಭಾಷೆ ಒಂದು, ತೋಟದ ಒಡೆಯರ ಭಾಷೆ ಇನ್ನೊಂದು. ದುಡಿಯುವವರ ಭಾಷೆಗಳಂತೂ ಲೆಕ್ಕಕ್ಕೆ ಸಿಕ್ಕುವಂಥವುಗಳಲ್ಲ. ಅಮೀನರೆಂದು ಕರೆಯಲ್ಪಟ್ಟವರು, ಪೋಪೋ ಸೀಮೆಯವರು, ಕೊಂಗೋ ಸೀಮೆಯವರು, ಮಂಡಿಂಗರು, ಇಬೋಗಳು, ಹೀಗೆ ಒಬ್ಬರ ನುಡಿ ಒಬ್ಬರಿಗೆ ತಿಳಿಯದ ಅನೇಕ ಕುಲದವರು ಒಂದೇ ಗುಡಿಸಲ ಸಾಲಿನಲ್ಲಿ ಇರಿಸಲ್ಪಟ್ಟರು. ಓಲ್ಡೆನ್‌ಡೋರ್ಪ್ ಎಂಬ ಚರಿತ್ರಕಾರನು 1767ರಲ್ಲಿಯೂ 1768ರಲ್ಲಿಯೂ ಅಲ್ಲಿ ಸಂಚರಿಸಿ ಗುಲಾಮರ ಬಾಯಿಂದಲೇ ಕೇಳಿ ಬರೆದುಕೊಂಡಾಗ, ಇಪ್ಪತ್ತಕ್ಕೂ ಹೆಚ್ಚು ಆಫ್ರಿಕದ ಭಾಷೆಗಳ ಮಾತುಗಳು ಅವನಿಗೆ ದೊರೆತವು. ಇಂಥವರು ಒಬ್ಬರಿಗೊಬ್ಬರು ಹೇಗೆ ಮಾತಾಡಿಯಾರು? ಧಣಿಯ ಅಪ್ಪಣೆಯನ್ನು ಹೇಗೆ ತಿಳಿದಾರು? ಅವಶ್ಯಕತೆಯಿಂದ ಅವರ ನಡುವೆ ಒಂದು ಹೊಸ ಭಾಷೆ ಹುಟ್ಟಿತು. ಅದಕ್ಕೆ ಕ್ರಿಯೋಲ್ ಎಂದು ಹೆಸರಾಯಿತು.

ಈ ಕ್ರಿಯೋಲ್ ಭಾಷೆಯ ಶಬ್ದಗಳು ಬಹುತೇಕ ಡಚ್ಚಿನವು. ಆದರೆ ಅದರ ಕಟ್ಟು ಡಚ್ಚಿನದಲ್ಲ. ನಾವು ಕನ್ನಡದಲ್ಲಿ ಹೋದನು, ಹೋಗುವನು, ಹೋಗುತ್ತಾನೆ ಎಂದು ಕ್ರಿಯಾಪದದ ಕೊನೆಯನ್ನು ಬದಲಾಯಿಸಿ ಕಾಲವನ್ನೂ ಪುರುಷನನ್ನೂ ತೋರಿಸುತ್ತೇವಲ್ಲವೇ? ಕ್ರಿಯೋಲಿನಲ್ಲಿ ಹಾಗಿಲ್ಲ. ಕ್ರಿಯಾಪದವು ಎಂದಿಗೂ ಬದಲಾಗದು. ಅದರ ಮುಂದೆ ಅ, ಲೇ, ಕಾ, ಸಲ್ ಎಂಬಂಥ ಒಂದೊಂದು ಚಿಕ್ಕ ಮಾತನ್ನು ಇಟ್ಟರೆ ಹಿಂದೆ ನಡೆದದ್ದೋ, ಈಗ ನಡೆಯುತ್ತಿರುವದೋ, ಮುಗಿದುಹೋದದ್ದೋ, ಮುಂದೆ ಆಗುವದೋ ಎಂದು ತಿಳಿಯುವದು. ಅವನು, ಅವಳು, ಅದು ಎಂಬ ಮೂರಕ್ಕೂ ಆಮ್ ಎಂಬ ಒಂದೇ ಶಬ್ದವು ಸಾಕಾಗಿತ್ತು. ಇದನ್ನು ಕೇಳಿದ ಬಿಳಿಯರಲ್ಲಿ ಅನೇಕರು, ಇದು ಭಾಷೆಯೇ ಅಲ್ಲ, ಡಚ್ಚನ್ನು ಕೆಡಿಸಿ ಆಡುವ ತೊದಲು ಮಾತು ಎಂದು ತಾತ್ಸಾರ ಮಾಡಿದರು. ಇದು ಸರಿಯಾದ ಎಣಿಕೆಯಲ್ಲ. ನಿಯಮವಿಲ್ಲದ ನುಡಿಯನ್ನು ಸಾವಿರಾರು ಮಂದಿ ತಲೆತಲಾಂತರವಾಗಿ ಒಂದೇ ರೀತಿಯಲ್ಲಿ ಆಡಲಾರರು. ಇನ್ನೊಂದು ವಿಚಿತ್ರವೇನೆಂದರೆ, ಹೀಗೆ ಹೀಯಾಳಿಸಿದ ಧಣಿಗಳ ಮಕ್ಕಳೇ ಕರಿಯ ದಾದಿಯರ ತೊಡೆಯ ಮೇಲೆ ಬೆಳೆದು, ಎಲ್ಲಕ್ಕಿಂತ ಮೊದಲು ಕ್ರಿಯೋಲನ್ನೇ ಕಲಿಯುತ್ತಿದ್ದರು. ಬಿಳಿಯರ ಮನೆಯ ಕ್ರಿಯೋಲು ಡಚ್ಚಿಗೆ ಹತ್ತಿರ, ತೋಟದ ಗುಡಿಸಲುಗಳ ಕ್ರಿಯೋಲು ಅದರಿಂದ ದೂರ. ಪೇಟೆಯವರು ಹಳ್ಳಿಯವರ ಉಚ್ಚಾರವನ್ನು ಕೇಳಿ ನಗುವರು. ಇಂಥ ತಾರತಮ್ಯವನ್ನು ಅರಿಯದ ಊರು ಲೋಕದಲ್ಲಿ ಯಾವದೂ ಇರಲಿಕ್ಕಿಲ್ಲ.

ನಾವು ಹೇಳಬೇಕೆಂದಿರುವ ರೆಬೆಕ್ಕಳು ಸೇಂಟ್ ತೋಮಸಿನಲ್ಲಿ ಹುಟ್ಟಿದವಳಲ್ಲ. 1718ರಲ್ಲಿ ಇಂಗ್ಲಿಷರ ಅಧೀನದಲ್ಲಿದ್ದ ಆಂಟಿಗುವಾ ದ್ವೀಪದಲ್ಲಿ ಅವಳ ಜನನವಾಯಿತು. ಅವಳ ಹೆತ್ತವರಲ್ಲಿ ಒಬ್ಬರು ಆಫ್ರಿಕದ ಕುಲದವರು, ಒಬ್ಬರು ಯುರೋಪಿನ ಕುಲದವರು. ಮೊದಲು ಅವಳಿಗೆ ಶೆಲ್ಲಿ ಎಂಬ ಹೆಸರಿತ್ತು. ಆರೇಳು ವರುಷದ ಕೂಸಾಗಿರುವಾಗ ಅವಳು ಅಪಹರಿಸಲ್ಪಟ್ಟು, ಸೇಂಟ್ ತೋಮಸಿನ ಲೂಕಾಸ್ ವಾನ್ ಬೆವರ್‌ಹೌಟ್ ಎಂಬ ಧಣಿಗೆ ಮಾರಲ್ಪಟ್ಟಳು. ಧಣಿಯು ಡಚ್ ರಿಫಾರ್ಮ್ಡ್ ಸಭೆಗೆ ಸೇರಿದವನು. ಅವಳನ್ನು ಕಬ್ಬಿನ ಹೊಲಕ್ಕೆ ಕಳುಹಿಸದೆ ಮನೆಗೆಲಸಕ್ಕೆ ಇಟ್ಟುಕೊಂಡದ್ದರಿಂದ, ಆ ಮನೆಯಲ್ಲಿ ಅವಳು ಡಚ್ ಭಾಷೆಯನ್ನೂ ಅದನ್ನು ಓದುಬರಹ ಮಾಡುವದನ್ನೂ ಕ್ರಿಸ್ತ ಮತದ ಪಾಠಗಳನ್ನೂ ಕಲಿತಳು. ಅಡಿಗೆಮನೆಯಲ್ಲಿ ಕ್ರಿಯೋಲು, ಧಣಿಗಳ ಪಡಸಾಲೆಯಲ್ಲಿ ಡಚ್ಚು. ಹನ್ನೆರಡು ವರುಷದ ಪ್ರಾಯದ ಸುಮಾರಿಗೆ ಆ ಮನೆಯವರು ಅವಳನ್ನು ಗುಲಾಮತನದಿಂದ ಬಿಡುಗಡೆಮಾಡಿದರು. ಬಿಡುಗಡೆಯಾದ ಮೇಲೆಯೂ ಅವಳು ಅಲ್ಲಿಯೇ ಕೆಲಸಮಾಡಿಕೊಂಡಿದ್ದಳು.

ಇಷ್ಟರಲ್ಲಿ ಆ ದ್ವೀಪಕ್ಕೆ ಮೊರೇವಿಯ ಸಭೆಯ ಸಹೋದರರು ಬಂದರು. ಅದರ ಕಾರಣವು ಹೀಗೆ: 1731ರಲ್ಲಿ ಡೆನ್ಮಾರ್ಕಿನ ಅರಸನಾದ ಆರನೆಯ ಕ್ರಿಶ್ಚಿಯನನ ಪಟ್ಟಾಭಿಷೇಕಕ್ಕೆ ಹೋಗಿದ್ದ ಜಿನ್ಸೆಂಡೋರ್ಫ್ ಪ್ರಭುವು, ಕೋಪನ್‌ಹೇಗನ್ ಪಟ್ಟಣದಲ್ಲಿ ಆಂತೋನ್ ಎಂಬ ಸೇಂಟ್ ತೋಮಸಿನ ಗುಲಾಮನನ್ನು ಕಂಡು, ಅಲ್ಲಿಯವರ ಸಂಕಟವನ್ನು ಅವನಿಂದ ಕೇಳಿದನು. ಮುಂದಿನ ವರುಷ ಕುಂಬಾರ ಕೆಲಸದ ಲಿಯೊನಾರ್ಡ್ ಡೋಬರನೂ ಬಡಗಿ ಕೆಲಸದ ಡೇವಿಡ್ ನಿಚ್‌ಮನನೂ ಹೊರಟು 1732ರ ದಶಂಬರದಲ್ಲಿ ದ್ವೀಪವನ್ನು ಮುಟ್ಟಿದರು. ಇವರು ಜರ್ಮನಿಯಿಂದ ಬಂದವರು. ಇವರ ಭಾಷೆಯು ಅಲ್ಲಿ ಯಾರಿಗೂ ಬೇಡವಾದದ್ದು. 1736ರಲ್ಲಿ ಬಂದ ಫ್ರೆಡ್ರಿಕ್ ಮಾರ್ಟಿನನ ಕಾಲದಲ್ಲಿಯೇ ಕೆಲಸವು ಬೇರೂರಿತು. ಕೈಗೆ ಸಿಕ್ಕುವ ಸತ್ಯವೇದವು ಡಚ್ ಭಾಷೆಯದ್ದಾಗಿದ್ದುದರಿಂದ ಅವರು ಗುಲಾಮರಿಗೆ ಡಚ್ಚಿನ ಅಕ್ಷರಮಾಲೆಯನ್ನೇ ಕಲಿಸತೊಡಗಿದರು. ಹೊಲದಲ್ಲಿ ಹಗಲೆಲ್ಲಾ ಬಾಗಿ ದುಡಿದವರು ರಾತ್ರಿಯಲ್ಲಿ ದೀಪದ ಮುಂದೆ ಕುಳಿತು, ತಾವು ಮನೆಯಲ್ಲಿ ಆಡದ ಭಾಷೆಯ ಅಕ್ಷರಗಳನ್ನು ಕೂಡಿಸಿ ಓದುವದು ಎಷ್ಟು ಕಷ್ಟವೋ ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಆದಾಗ್ಯೂ ಅವರು ಕಲಿತರು.

ಮಾರ್ಟಿನನು ರೆಬೆಕ್ಕಳನ್ನು ಕಂಡದ್ದು ಆ 1736ರಲ್ಲಿಯೇ. ಅವಳಿಗೆ ಆಗ ಹದಿನೆಂಟು ವರುಷ. ತನಗೆ ಎಷ್ಟು ಪ್ರಯಾಸಪಟ್ಟರೂ ಬಾರದೆ ಇದ್ದದ್ದು ಅವಳಲ್ಲಿ ಸಹಜವಾಗಿ ಇರುವದನ್ನು ಅವನು ಕೂಡಲೇ ಗ್ರಹಿಸಿಕೊಂಡನು. ಪುಸ್ತಕದ ಡಚ್ಚನ್ನು ಓದಿ, ಅದರ ಅರ್ಥವನ್ನು ಗುಡಿಸಲಿನ ಕ್ರಿಯೋಲಿನಲ್ಲಿ ಬಿಡಿಸಿ ಹೇಳಬಲ್ಲವಳು ಅವಳು. ಅಲ್ಲದೆ ಹೆಂಗಸರ ಬಳಿಗೆ ಹೆಂಗಸೇ ಹೋಗಬೇಕಷ್ಟೆ. ಅಂದಿನಿಂದ ರೆಬೆಕ್ಕಳು ಸಾಯಂಕಾಲದ ಹೊತ್ತು ಗುಡ್ಡದ ಕಲ್ಲುದಾರಿಗಳನ್ನು ಹಿಡಿದು, ತೋಟದಿಂದ ತೋಟಕ್ಕೆ ನಡೆದುಹೋಗಿ, ಹೆಂಗಸರನ್ನು ಗುಂಪುಗೂಡಿಸಿ ಬೋಧಿಸತೊಡಗಿದಳು. ಎರಡು ಮೂರು ವರುಷಗಳಲ್ಲಿ ದ್ವೀಪದ ಗುಲಾಮರಲ್ಲಿ ನೂರಾರು ಮಂದಿ ಸಹೋದರರ ಕೂಟಗಳಿಗೆ ಬರುವವರಾದರು. ಇದರಲ್ಲಿ ಮಾರ್ಟಿನನ ಹೆಸರು ಮುಂದಾಗಿ ನಿಂತಿದೆ; ಆದರೆ ಹೆಂಗಸರ ನಡುವೆ ನಡೆದ ಕೆಲಸವು ಬಹುಮಟ್ಟಿಗೆ ರೆಬೆಕ್ಕಳದೇ ಎಂದು ಹೇಳಿದರೆ ಅನ್ಯಾಯವಾಗಲಾರದು.

ಇಲ್ಲಿ ನಾವು ಸ್ವಲ್ಪ ನಿಂತು ಅವಳ ಸ್ಥಿತಿಯನ್ನು ವಿಚಾರಿಸೋಣ. ಅವಳು ಗುಲಾಮಳಲ್ಲ, ಧಣಿಯೂ ಅಲ್ಲ. ಮೈಬಣ್ಣದಲ್ಲಿ ಕರಿಯಳಲ್ಲ, ಬಿಳಿಯಳೂ ಅಲ್ಲ. ಡಚ್ಚನ್ನು ಓದಿ ಬರೆಯಬಲ್ಲ ಬಿಡುಗಡೆಯ ಸ್ತ್ರೀಯು ಬೇಕೆಂದರೆ ಪೇಟೆಯಲ್ಲಿ ಮರ್ಯಾದಸ್ಥರ ಮನೆಗಳ ಕಡೆಗೆ ಸರಿದುಕೊಂಡು, ತೋಟದವರ ನುಡಿಯನ್ನು ಮರೆತವಳಂತೆ ಬಾಳಬಹುದಾಗಿತ್ತು. ಓದು ಕಲಿತ ಮೇಲೆ ತಾಯಿಯ ಮಾತನ್ನು ನಾಚಿಕೆಯೆಂದೆಣಿಸುವವರು ಎಲ್ಲಾ ಕಾಲದಲ್ಲಿಯೂ ಇದ್ದಾರೆ. ನಮ್ಮ ದಕ್ಷಿಣ ಕನ್ನಡ ಸೀಮೆಯಲ್ಲಿ ಮನೆಯಲ್ಲಿ ತುಳುವನ್ನಾಡಿ ಶಾಲೆಯಲ್ಲಿ ಕನ್ನಡವನ್ನು ಕಲಿತವರಿಗೆ ಈ ಸಂಗತಿಯನ್ನು ವಿವರಿಸಬೇಕಾದದ್ದಿಲ್ಲ. ರೆಬೆಕ್ಕಳು ಹಾಗೆ ಸರಿದುಕೊಳ್ಳಲಿಲ್ಲ. ಅವಳು ಕಲಿತ ಡಚ್ಚು ಅವಳನ್ನು ಗುಡಿಸಲುಗಳಿಂದ ದೂರಮಾಡುವದರ ಬದಲಾಗಿ, ಅವುಗಳ ಬಾಗಲಿಗೆ ತಂದು ನಿಲ್ಲಿಸಿತು.

ಧಣಿಗಳಿಗೆ ಇದು ಹಿಡಿಸಲಿಲ್ಲ. ಮೂರು ವರುಷಗಳ ಹಿಂದೆ, 1733ರ ನವಂಬರದಲ್ಲಿ, ನೆರೆಯ ಸೇಂಟ್ ಜಾನ್ ದ್ವೀಪದ ಗುಲಾಮರು ಎದ್ದು, ಧಣಿಗಳನ್ನು ಕೊಂದು, ಸುಮಾರು ಆರು ತಿಂಗಳು ದ್ವೀಪವನ್ನು ಹಿಡಿದುಕೊಂಡಿದ್ದರು. ಮಾರ್ತಿನೀಕ್ ದ್ವೀಪದಿಂದ ಫ್ರೆಂಚ್ ಸಿಪಾಯಿಗಳು ಬಂದ ಮೇಲೆಯೇ ಆ ದಂಗೆಯು ಅಡಗಿತು. ಆ ಭಯವು ಇನ್ನೂ ಆರಿರಲಿಲ್ಲ. ಗುಲಾಮನು ಕ್ರಿಯೋಲಿನಲ್ಲಿ ಅಪ್ಪಣೆಯನ್ನು ತಿಳುಕೊಂಡರೆ ಸಾಕು, ಅಕ್ಷರವೇತಕ್ಕೆ ಎಂಬದು ಧಣಿಗಳ ವಾದವು. ಅಕ್ಷರವನ್ನು ಕಲಿತವನು ಕಾಗದವನ್ನು ಬರೆದಾನು, ಕಾಗದವು ಸಮುದ್ರವನ್ನು ದಾಟೀತು ಎಂದು ಅವರು ಹೆದರಿದರು. ಆದಕಾರಣ ಕೂಟಗಳಿಗೆ ಹೋದವರನ್ನು ಹೊಡೆಸಿದರು, ಅವರ ಕೈಯಿಂದ ಪುಸ್ತಕಗಳನ್ನು ಕಿತ್ತುಕೊಂಡರು. ಧಣಿಗಳ ಭಯವು ಬುಡವಿಲ್ಲದ್ದಾಗಿರಲಿಲ್ಲವೆಂಬದು ಮುಂದೆ ಕಾಣುವದು.

1738ರಲ್ಲಿ ರೆಬೆಕ್ಕಳಿಗೂ ಮತ್ತೇಯ ಫ್ರಾಯಿಂಡ್ಲಿಖ್ ಎಂಬ ಜರ್ಮನ್ ಸಹೋದರನಿಗೂ ಮಾರ್ಟಿನನು ವಿವಾಹಮಾಡಿಸಿದನು. ಬಿಳಿಯನೊಬ್ಬನು ಆಫ್ರಿಕದ ರಕ್ತವುಳ್ಳ ಸ್ತ್ರೀಯನ್ನು ಸಭೆಯ ಮುಂದೆ ಹೆಂಡತಿಯಾಗಿ ಸ್ವೀಕರಿಸಿದ್ದು ದ್ವೀಪದಲ್ಲೆಲ್ಲಾ ಗದ್ದಲವನ್ನು ಎಬ್ಬಿಸಿತು. ರಿಫಾರ್ಮ್ಡ್ ಸಭೆಯ ಪಾದ್ರಿಯಾದ ಬೋರ್ಮನು, ಮಾರ್ಟಿನನಿಗೆ ಮದುವೆ ಮಾಡಿಸುವ ಅಧಿಕಾರವಿಲ್ಲವೆಂದು ಆಕ್ಷೇಪಿಸಿದನು. ಆ ವರುಷದ ಕೊನೆಯಲ್ಲಿ ಸಹೋದರರು ಒಂದು ಕಳವಿನ ಮೊಕದ್ದಮೆಯಲ್ಲಿ ಸಾಕ್ಷಿಗಳಾಗಿ ಕರೆಯಲ್ಪಟ್ಟರು; ಆಣೆಯಿಡುವದು ತಮ್ಮ ಮನಸ್ಸಾಕ್ಷಿಗೆ ವಿರೋಧವೆಂದು ಅವರು ಹೇಳಿದ್ದರಿಂದ ಮಾರ್ಟಿನನೂ ಮತ್ತೇಯನೂ ರೆಬೆಕ್ಕಳೂ ಕೋಟೆಯ ಸೆರೆಮನೆಯಲ್ಲಿ ಹಾಕಲ್ಪಟ್ಟರು. ವಿಚಾರಣೆಯು ಬೇಗನೆ ಮದುವೆಯ ಕಡೆಗೆ ತಿರುಗಿತು. ರೆಬೆಕ್ಕಳು ತಿರಿಗಿ ಗುಲಾಮಳಾಗಿ ಮಾರಲ್ಪಡುವ ಅಪಾಯಕ್ಕೆ ಗುರಿಯಾದಳು. ಹನ್ನೆರಡನೆಯ ವರುಷದಲ್ಲಿ ಪಡೆದ ಬಿಡುಗಡೆಯನ್ನು ಇಪ್ಪತ್ತನೆಯ ವರುಷದಲ್ಲಿ ಕಳಕೊಳ್ಳುವದೆಂದರೇನೆಂದು ನಾವು ಊಹಿಸಲಾರೆವು. ಗಂಡನನ್ನು ಬಿಟ್ಟುಬಿಟ್ಟಿದ್ದರೆ ಅವಳಿಗೆ ದಾರಿ ಸುಲಭವಾಗುತ್ತಿತ್ತು. ಅವಳು ಬಿಡಲಿಲ್ಲ. ಸೆರೆಮನೆಯ ಕಿಟಕಿಯ ಹೊರಗೆ ಗುಲಾಮರು ಕೂಡಿಬಂದು ಬೋಧನೆಯನ್ನು ಕೇಳುತ್ತಿದ್ದರೆಂದು ಆ ಕಾಲದ ವೃತ್ತಾಂತಗಳಿಂದ ತಿಳಿದುಬರುತ್ತದೆ.

1739ರ ಜನವರಿಯ ಕೊನೆಯಲ್ಲಿ, ಈ ಸೆರೆಯ ವರ್ತಮಾನವು ಏನೂ ತಿಳಿಯದೆ, ಜಿನ್ಸೆಂಡೋರ್ಫ್ ಪ್ರಭುವು ತಾನೇ ಹಡಗಿನಿಂದ ಇಳಿದನು. ಅರಸನ ಆಸ್ಥಾನದಲ್ಲಿ ಪರಿಚಯವುಳ್ಳ ದೊಡ್ಡ ಮನುಷ್ಯನು ಬಂದನೆಂಬ ಕಾರಣದಿಂದ ಗವರ್ನರನು ಸೆರೆಯವರನ್ನು ಬಿಟ್ಟುಕೊಟ್ಟನು. ಪ್ರಭುವು ಮೂರು ವಾರಗಳ ಸುಮಾರು ಅಲ್ಲಿದ್ದು ಹೊರಟುಹೋಗುವಾಗ ಅವನ ಕೈಯಲ್ಲಿ ಗುಲಾಮರು ಬರೆದ ಬಿನ್ನಹಗಳಿದ್ದವು. ಒಂದು ಅರಸನಿಗೆ, ಸುಮಾರು 650 ಮಂದಿಯ ಹೆಸರಿನಲ್ಲಿ ಬರೆದದ್ದು. ಇನ್ನೊಂದು ರಾಣಿಯಾದ ಸೋಫಿಯ ಮಗ್ದಲೇನಳಿಗೆ. ಸುಮಾರು 250 ಮಂದಿ ಹೆಂಗಸರ ಪರವಾಗಿ ಮಗ್ದಲೇನ ಎಂಬ ವೃದ್ಧೆಯು ಕಳುಹಿಸಿದ್ದು.

ಈ ಎರಡನೆಯ ಕಾಗದವು ಭಾಷೆಯ ಚರಿತ್ರೆಯಲ್ಲಿಯೇ ಅಪೂರ್ವವಾದದ್ದು. ಮಗ್ದಲೇನಳು ಪೋಪೋ ಸೀಮೆಯಲ್ಲಿ ಹುಟ್ಟಿ ಗುಲಾಮಳಾಗಿ ತರಲ್ಪಟ್ಟು ಬಿಡುಗಡೆ ಹೊಂದಿದ್ದವಳು. ಅವಳ ಕಾಗದವು ಎರಡು ಭಾಷೆಗಳಲ್ಲಿದೆ: ಮೊದಲು ಅವಳ ತಾಯಿನುಡಿಯಾದ ಪೋಪೋ ಸೀಮೆಯ ಭಾಷೆಯಲ್ಲಿ, ಅದರ ಜೊತೆಗೆ ದ್ವೀಪದ ಕ್ರಿಯೋಲಿನಲ್ಲಿ. ತಾನು ತನ್ನ ಸೀಮೆಯಲ್ಲಿದ್ದಾಗ ಮಾವು ಎಂಬ ಹೆಸರಿನಿಂದ ದೇವರನ್ನು ಸೇವಿಸುತ್ತಿದ್ದೆನೆಂತಲೂ, ಈಗ ಬಿಳಿಯರ ದೇಶದಲ್ಲಿ ಕರ್ತನನ್ನು ಸೇವಿಸುವದಕ್ಕೆ ಬಿಳಿಯರೇ ಅಡ್ಡಬರುತ್ತಾರೆಂತಲೂ ಅವಳು ದೂರಿಕೊಂಡು, ರಾಣಿಯು ಹೆಂಗಸರಿಗೋಸ್ಕರ ಅರಸನೊಡನೆ ಮಾತಾಡಬೇಕೆಂದು ಬೇಡಿಕೊಂಡಳು. ರಾಣಿಗೆ ಈ ಎರಡು ಭಾಷೆಗಳಲ್ಲಿ ಒಂದೂ ತಿಳಿಯದು. ಅದು ಮಗ್ದಲೇನಳಿಗೆ ಗೊತ್ತಿಲ್ಲದ ಸಂಗತಿಯಾಗಿರಲಾರದು. ಆದರೂ ತನ್ನ ನುಡಿಯಲ್ಲಿಯೇ ಮೊದಲು ಬರೆಸಿದಳು. ನಮ್ಮ ಎಣಿಕೆಯಲ್ಲಿ, ತಾನು ಯಾರೆಂದು ರಾಣಿಗೆ ತಿಳಿಸುವದು ಅವಳಿಗೆ ಬಿನ್ನಹದಷ್ಟೇ ಮುಖ್ಯವಾಗಿತ್ತು. ಧಣಿಗಳು ಭಯಪಟ್ಟಂತೆಯೇ ಕಾಗದವು ಸಮುದ್ರವನ್ನು ದಾಟಿತು, ಮತ್ತು ಅರಸನಿಂದ ಮಿಶನೆರಿಗಳಿಗೆ ಅನುಕೂಲವಾದ ಅಪ್ಪಣೆಯು ಬಂದಿತು.

ಜಿನ್ಸೆಂಡೋರ್ಫನ ವಿಷಯದಲ್ಲಿ ಒಂದು ಮಾತನ್ನು ಮರೆಮಾಡದೆ ಹೇಳಬೇಕು. ಅವನು ಬೀಳ್ಕೊಳ್ಳುವಾಗ ಗುಲಾಮರಿಗೆ ಮಾಡಿದ ಉಪದೇಶದಲ್ಲಿ, ಕ್ರೈಸ್ತರಾದದ್ದರಿಂದ ಅವರ ಗುಲಾಮತನವು ತೀರಲಿಲ್ಲವೆಂತಲೂ ಧಣಿಗಳಿಗೆ ವಿಧೇಯರಾಗಿರಬೇಕೆಂತಲೂ ಕಲಿಸಿದನು. 1738ರಲ್ಲಿ ಸಹೋದರರು ಕೊಂಡುಕೊಂಡ ತೋಟದಲ್ಲಿಯೂ ಗುಲಾಮರಿದ್ದರು. ಅವರು ಭೂಮಿಯೊಂದಿಗೆ ಕೊಂಡುಕೊಳ್ಳಲ್ಪಟ್ಟವರು. ಆ ಕಾಲದ ವಾಡಿಕೆಯೆಂದು ಹೇಳಿ ಇದನ್ನು ಸರಿಪಡಿಸುವವರುಂಟು. ಆದರೆ ಮಗ್ದಲೇನಳೂ ಅದೇ ಕಾಲದವಳು. ಕಾಲವು ಎಲ್ಲರ ಕಣ್ಣನ್ನೂ ಒಂದೇ ಸಮನಾಗಿ ಕುರುಡುಮಾಡಿರಲಿಲ್ಲ.

ರೆಬೆಕ್ಕಳ ಮುಂದಿನ ದಿನಗಳು ಯುರೋಪಿನಲ್ಲಿ ಕಳೆದವು. 1742ರಲ್ಲಿ ಅವಳೂ ಗಂಡನೂ ಚಿಕ್ಕ ಮಗಳೊಂದಿಗೆ ಜರ್ಮನಿಗೆ ಹೊರಟರು. ಬಹು ದಿವಸದಿಂದ ಅಸ್ವಸ್ಥನಾಗಿದ್ದ ಮತ್ತೇಯನು ಜರ್ಮನಿಯ ನೆಲವನ್ನು ಮುಟ್ಟಿದ ಬಳಿಕ, ಸಹೋದರರ ಊರನ್ನು ಸೇರುವದಕ್ಕಿಂತ ಮುಂಚೆಯೇ ತೀರಿಕೊಂಡನು. ಇಪ್ಪತ್ತನಾಲ್ಕು ವರುಷದ ವಿಧವೆಯು ಮಗುವನ್ನೆತ್ತಿಕೊಂಡು ಮಂಜು ಸುರಿಯುವ ಪರದೇಶವನ್ನು ಸೇರಿದಳು. ಕೆಲವು ಕಾಲದ ಮೇಲೆ ಆ ಮಗುವೂ ಸತ್ತಿತು. ಹೆರ್ನ್‌ಹಾಗ್ ಎಂಬ ಸಹೋದರರ ಊರಿನಲ್ಲಿ ಅವಳು ಇದ್ದಳು. ಅಲ್ಲಿಯ ಕೂಟಗಳೂ ಹಾಡುಗಳೂ ಜರ್ಮನ್ ಭಾಷೆಯಲ್ಲಿ ನಡೆಯುತ್ತಿದ್ದವು. ಅಲ್ಲಿ ಅವಳ ಕ್ರಿಯೋಲನ್ನು ಆಡುವವರು ದ್ವೀಪಗಳಿಂದ ಬಂದ ಕೆಲವರ ಹೊರತು ಯಾರಿದ್ದರು? 1746ರಲ್ಲಿ ಅವಳು ಸಭೆಯ ಸೇವಕಿಯಾಗಿ, ಅಂದರೆ ಡೀಕನೆಸ್ ಆಗಿ, ಹಸ್ತಾರ್ಪಣೆಯಿಂದ ನೇಮಿಸಲ್ಪಟ್ಟಳು. ಪಾಶ್ಚಾತ್ಯ ಸಭೆಗಳಲ್ಲಿ ಹೀಗೆ ನೇಮಕ ಹೊಂದಿದ ಆಫ್ರಿಕ ವಂಶದ ಸ್ತ್ರೀಯರಲ್ಲಿ ಅವಳೇ ಮೊದಲಿನವಳೆಂದು ಚರಿತ್ರೆ ಬಲ್ಲವರಲ್ಲಿ ಅನೇಕರು ಎಣಿಸುತ್ತಾರೆ.

ಅದೇ ವರುಷದಲ್ಲಿ ಅವಳಿಗೆ ಕ್ರಿಶ್ಚಿಯನ್ ಪ್ರೊಟೆನ್ ಎಂಬವನೊಡನೆ ಎರಡನೆಯ ವಿವಾಹವಾಯಿತು. ಇವನ ಜೀವಿತವೂ ಅವಳದರಂತೆಯೇ ಎರಡು ಲೋಕಗಳ ನಡುವಿನದು. ಆಫ್ರಿಕದ ಬಂಗಾರದ ಕರಾವಳಿಯಲ್ಲಿರುವ ಕ್ರಿಶ್ಚಿಯನ್ಸ್‌ಬೋರ್ಗ್ ಎಂಬ ಡೇನರ ಕೋಟೆಯ ಬಳಿಯಲ್ಲಿ 1715ರಲ್ಲಿ ಡೇನ್ ಸಿಪಾಯಿಗೂ ಗಾ ಕುಲದ ಸ್ತ್ರೀಗೂ ಹುಟ್ಟಿದವನು. ಹುಡುಗನಾಗಿರುವಾಗಲೇ ಡೆನ್ಮಾರ್ಕಿಗೆ ಒಯ್ಯಲ್ಪಟ್ಟು, ಅಲ್ಲಿ ದೀಕ್ಷಾಸ್ನಾನ ಹೊಂದಿ, ಕೋಪನ್‌ಹೇಗನಿನಲ್ಲಿ ವಿದ್ಯಾಭ್ಯಾಸ ಮಾಡಿದನು. 1737ರಲ್ಲಿ ಸ್ವದೇಶಕ್ಕೆ ಸುವಾರ್ತೆಯನ್ನು ಒಯ್ಯಲು ಹೋಗಿ, ಎಲ್‌ಮಿನಾದ ಡಚ್ಚರ ಕೋಟೆಯಲ್ಲಿ ಸೆರೆಯಾಗಿದ್ದನು. ಅವನು ಬಹು ಬುದ್ಧಿವಂತನು, ಆದರೆ ಶಾಂತಚಿತ್ತನಲ್ಲ. ಜಿನ್ಸೆಂಡೋರ್ಫನಿಗೂ ಅವನಿಗೂ ಪದೇ ಪದೇ ವಿರಸವುಂಟಾಯಿತು. ಇವರಿಬ್ಬರನ್ನೂ ಇವರ ಚಿಕ್ಕ ಮಗಳನ್ನೂ ಹೈಟ್ ಎಂಬ ಚಿತ್ರಕಾರನು 1751ರ ಸುಮಾರಿಗೆ ಬಣ್ಣದಲ್ಲಿ ಬರೆದ ಪಟವು ಈಗಲೂ ಉಳಿದಿದೆ. ಆ ಮಗುವೂ ಬಹು ಕಾಲ ಬದುಕಲಿಲ್ಲ.

ಪ್ರೊಟೆನನು 1756ರಲ್ಲಿ ತಿರಿಗಿ ಆಫ್ರಿಕಕ್ಕೆ ಹೋಗಿ ಕೋಟೆಯ ಶಾಲೆಯಲ್ಲಿ ಪಾಠ ಹೇಳಿ ಕೆಲವು ವರುಷಗಳ ಮೇಲೆ ಹಿಂತಿರುಗಿದನು. ಆ ಕಾಲವೆಲ್ಲಾ ರೆಬೆಕ್ಕಳು ಜರ್ಮನಿಯಲ್ಲಿ ಒಂಟಿಯಾಗಿ ಉಳಿದಿದ್ದಳು. 1764ರಲ್ಲಿ ಅವನು ಫಾಂಟಿ ಮತ್ತು ಗಾ ಭಾಷೆಗಳ ಒಂದು ಚಿಕ್ಕ ವ್ಯಾಕರಣವನ್ನು ಕೋಪನ್‌ಹೇಗನಿನಲ್ಲಿ ಅಚ್ಚುಹಾಕಿಸಿದನು. ಕೋಟೆಯ ಶಾಲೆಯಲ್ಲಿ ಡೇನಿಷ್ ಭಾಷೆಯನ್ನೇ ಕಲಿಸುತ್ತಿದ್ದ ಕಾಲದಲ್ಲಿ, ತಾಯಿಯಿಂದ ಬಂದ ನುಡಿಗೂ ವ್ಯಾಕರಣವುಂಟೆಂದು ಅಚ್ಚಿನಲ್ಲಿ ತೋರಿಸಿದವನು ಆ ತಾಯಿಯ ಮಗನೇ. ಅವನ ಕುಂದುಗಳು ಏನೇ ಇರಲಿ, ಈ ಪುಸ್ತಕಕ್ಕೋಸ್ಕರ ಅವನನ್ನು ನೆನಸುವದು ನ್ಯಾಯವೇ.

1765ರಲ್ಲಿ ಗಂಡಹೆಂಡಿರಿಬ್ಬರೂ ಕ್ರಿಶ್ಚಿಯನ್ಸ್‌ಬೋರ್ಗಿಗೆ ಹೋಗಿ ನೆಲೆಸಿದರು. ರೆಬೆಕ್ಕಳ ಪೂರ್ವಿಕರಲ್ಲಿ ಯಾರೋ ಯಾವದೋ ಕಾಲದಲ್ಲಿ ಸಂಕೋಲೆಯಲ್ಲಿ ಬಿಟ್ಟ ಖಂಡಕ್ಕೆ ಅವಳು ನಲವತ್ತೇಳನೆಯ ವರುಷದಲ್ಲಿ ಬಿಡುಗಡೆಯ ಸ್ತ್ರೀಯಾಗಿ ಇಳಿದಳು. ಆದರೆ ಅದು ಅವಳಿಗೆ ಸ್ವದೇಶವಾಯಿತೆಂದು ಹೇಳಬಹುದೋ? ಊರಿನವರ ಭಾಷೆ ಗಾ, ಕೋಟೆಯವರ ಭಾಷೆ ಡೇನಿಷ್. ಅವಳು ಬಾಲ್ಯದಿಂದ ಆಡಿದ ಕ್ರಿಯೋಲಿಗೆ ಅಲ್ಲಿ ಕಿವಿಯೇ ಇರಲಿಲ್ಲ. ಕೋಟೆಯ ನೆಲಮಾಳಿಗೆಗಳಿಂದ ಗುಲಾಮರನ್ನು ಹೊರಡಿಸಿ ಹಡಗಿಗೆ ಹತ್ತಿಸುವದನ್ನು ಅವಳು ದಿನವೂ ಕಾಣಬೇಕಾಗಿತ್ತು. ಆ ಹಡಗುಗಳಲ್ಲಿ ಕೆಲವು ಸೇಂಟ್ ತೋಮಸಿಗೇ ಹೋಗತಕ್ಕವುಗಳು. 1769ರಲ್ಲಿ ಪ್ರೊಟೆನನು ತೀರಿಕೊಂಡನು. ಆ ವರುಷಗಳಲ್ಲಿ ಅಲ್ಲಿಗೆ ಬಂದ ಮೊರೇವಿಯ ಸಹೋದರರೂ ಒಬ್ಬರ ಹಿಂದೊಬ್ಬರು ಜ್ವರದಿಂದ ಸತ್ತರು. ರೆಬೆಕ್ಕಳನ್ನು ವೆಸ್ಟ್ ಇಂಡೀಸಿಗೆ ಹಿಂದಕ್ಕೆ ಕರೆಸಿಕೊಳ್ಳುವ ಪ್ರಸ್ತಾಪವು ಆಯಿತು. ಬಡತನವೂ ರೋಗವೂ ಅವಳನ್ನು ಹಿಡಿದಿದ್ದವು, ಅವಳು ಹೊರಡಲಿಲ್ಲ. 1780ರಲ್ಲಿ ಕ್ರಿಶ್ಚಿಯನ್ಸ್‌ಬೋರ್ಗಿನಲ್ಲಿಯೇ ನಿದ್ರೆಹೋದಳು. ಆಗ ಅವಳ ಪ್ರಾಯವು ಅರವತ್ತೆರಡು ವರುಷ.

ನಮ್ಮ ಓದುಗರಿಗೆ ಆ ಊರಿನ ಹೆಸರು ಪೂರ್ಣವಾಗಿ ಅನ್ಯವಾದದ್ದಲ್ಲ. 1834ರಲ್ಲಿ ಮಂಗಳೂರಿಗೆ ತನ್ನ ಮೊದಲ ಬೋಧಕರನ್ನು ಕಳುಹಿಸಿದ ಬಾಸೆಲ್ ಮಿಶನು ಅದಕ್ಕಿಂತ ಮುಂಚೆ, 1828ರಲ್ಲಿ, ಕ್ರಿಶ್ಚಿಯನ್ಸ್‌ಬೋರ್ಗಿಗೇ ಕಳುಹಿಸಿತ್ತು. ಅಲ್ಲಿಯೂ ಜ್ವರವು ಬಹು ಮಂದಿಯನ್ನು ನುಂಗಿತು. ಬಳಿಕ 1843ರಲ್ಲಿ ಜಮೈಕ ಮತ್ತು ಆಂಟಿಗುವಾ ದ್ವೀಪಗಳ ಮೊರೇವಿಯ ಕ್ರೈಸ್ತರಲ್ಲಿ 24 ಮಂದಿ ಆ ಕರಾವಳಿಗೆ ಬಂದು ಕೆಲಸಕ್ಕೆ ಕೈಕೊಟ್ಟರು. ಗಾ ಭಾಷೆಯಲ್ಲಿ ಸತ್ಯವೇದವನ್ನು ಸಿದ್ಧಮಾಡಿದ ಚಿಮ್ಮರ್‌ಮನನೂ, ತುಳು ಭಾಷೆಯಲ್ಲಿ ಹೊಸ ಒಡಂಬಡಿಕೆಯನ್ನು 1847ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದವರೂ ಒಂದೇ ಮಿಶನಿನ ಬೋಧಕರು.

ರೆಬೆಕ್ಕಳು ಬಿಟ್ಟುಬಂದ ದ್ವೀಪದಲ್ಲಿ ಕ್ರಿಯೋಲಿನ ಗತಿ ಏನಾಯಿತೆಂಬದನ್ನು ಹೇಳಿ ಮುಗಿಸುತ್ತೇವೆ. 1757ರಲ್ಲಿ ಬಂದ ಲುಥೆರನ್ ಮಿಶನೆರಿಗಳು ಮೊದಲು ಡೇನಿಷ್ ಭಾಷೆಯಲ್ಲಿ ಬೋಧಿಸಲು ನೋಡಿ, ಕೇಳುವವರಿಗೆ ತಿಳಿಯದೆ ಹೋದದ್ದರಿಂದ ಕ್ರಿಯೋಲಿಗೆ ತಿರುಗಿದರು. 1770ರಲ್ಲಿ ಆ ಭಾಷೆಯ ಅಕ್ಷರ ಪುಸ್ತಕವೂ, ದ್ವೀಪದಲ್ಲಿಯೇ ಹುಟ್ಟಿದ ಮಾಗೆನ್ಸ್ ಎಂಬವನು ಬರೆದ ವ್ಯಾಕರಣವೂ ಹೊರಬಂದವು. ಲೋಕದಲ್ಲಿ ಯಾವದೇ ಕ್ರಿಯೋಲ್ ಭಾಷೆಗೆ ಅಚ್ಚಾದ ವ್ಯಾಕರಣಗಳಲ್ಲಿ ಇದೇ ಮೊದಲಿನದು. 1781ರಲ್ಲಿ ಮಾಗೆನ್ಸನ ಭಾಷಾಂತರವಾದ ಹೊಸ ಒಡಂಬಡಿಕೆಯೂ 1802ರಲ್ಲಿ ಮೊರೇವಿಯ ಸಭೆಯವರ ಹೊಸ ಒಡಂಬಡಿಕೆಯೂ ಪ್ರಕಟವಾದವು. ತೊದಲು ಮಾತೆಂದು ಹಾಸ್ಯಮಾಡಲ್ಪಟ್ಟ ನುಡಿಯು ಹೀಗೆ ಗ್ರಂಥದ ಭಾಷೆಯಾಯಿತು. ಆದರೆ ಭಾಷಾಂತರ ಮಾಡಿದವರು ಅದನ್ನು ಇದ್ದಂತೆ ಬಿಡಲು ಮನಸ್ಸಾಗದೆ, ಘನತೆ ಸಾಲದೆಂದು ತೋರಿದಲ್ಲೆಲ್ಲಾ ಡಚ್ಚಿನ ಶಬ್ದಗಳನ್ನು ಹೊಲಿದು ಸೇರಿಸಿದರು. ಆದಕಾರಣ ಪುಸ್ತಕದ ಕ್ರಿಯೋಲು ಒಂದು, ಗುಡಿಸಲಿನ ಕ್ರಿಯೋಲು ಇನ್ನೊಂದು ಎಂಬ ಭೇದವು ಉಳಿಯಿತು. ರೆಬೆಕ್ಕಳು ತನ್ನ ಬಾಯಿಂದ ಕಟ್ಟಿದ್ದ ಸೇತುವೆಯನ್ನು ಅಚ್ಚಿನ ಪುಸ್ತಕವು ಪೂರ್ತಿಯಾಗಿ ಕಟ್ಟಲಾರದೆ ಹೋಯಿತೆಂದು ನಮಗೆ ತೋರುತ್ತದೆ.

ಅಷ್ಟರಲ್ಲಿ ವ್ಯಾಪಾರದ ಮೂಲಕವೂ, 1733ರಲ್ಲಿ ಡೇನರು ಕೊಂಡುಕೊಂಡ ಸೇಂಟ್ ಕ್ರೋಯಿ ದ್ವೀಪದ ಧಣಿಗಳ ಮೂಲಕವೂ ಇಂಗ್ಲಿಷ್ ಭಾಷೆಯು ಬಲವಾಗುತ್ತಾ ಬಂದಿತು. 1841ರಲ್ಲಿ ಸರಕಾರವು ಗುಲಾಮರ ಮಕ್ಕಳಿಗೋಸ್ಕರ ಸ್ಥಾಪಿಸಿದ ಶಾಲೆಗಳಲ್ಲಿ ಮೊರೇವಿಯ ಸಭೆಯವರು ಇಂಗ್ಲಿಷಿನಲ್ಲಿಯೇ ಕಲಿಸಿದರು. ಸಭೆಗಳ ಆರಾಧನೆಯೂ ಆ ಕಾಲದಲ್ಲಿ ಇಂಗ್ಲಿಷಿಗೆ ತಿರುಗಿತು. 1848ರ ಜುಲೈ 3ರಂದು ಗುಲಾಮರೆಲ್ಲರೂ ಬಿಡುಗಡೆ ಹೊಂದಿದರು. ಬಿಡುಗಡೆಯಾದವರು ತಮ್ಮ ಮಕ್ಕಳಿಗೆ ಇಂಗ್ಲಿಷನ್ನು ಬಯಸಿದರು, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅನ್ನವೂ ಉದ್ಯೋಗವೂ ಅದರಲ್ಲಿದ್ದವು. ಮುದುಕರು ಮಾತ್ರ ತಮ್ಮ ತಮ್ಮೊಳಗೆ ಕ್ರಿಯೋಲನ್ನು ಆಡಿಕೊಂಡರು. 1917ರಲ್ಲಿ ಅಮೇರಿಕಾ ಸಂಸ್ಥಾನದವರು ಆ ದ್ವೀಪಗಳನ್ನು ಡೆನ್ಮಾರ್ಕಿನಿಂದ ಕೊಂಡುಕೊಂಡರು. 1922ರಲ್ಲಿಯೂ 1923ರಲ್ಲಿಯೂ ಒಬ್ಬ ಡಚ್ ಪಂಡಿತನು ಅಲ್ಲಿಗೆ ಹೋಗಿ ವೃದ್ಧರ ಬಾಯಿಂದ ಕಥೆಗಳನ್ನು ಬರೆದುಕೊಂಡನು. ಕ್ರಿಯೋಲನ್ನು ಬಾಲ್ಯದಿಂದ ಬಲ್ಲವರಲ್ಲಿ ಕೊನೆಯವಳೆಂದು ಹೇಳಲ್ಪಡುವ ಒಬ್ಬ ವೃದ್ಧೆಯು 1987ರಲ್ಲಿ ತೀರಿಕೊಂಡಳು. ಮಗ್ದಲೇನಳ ಕಾಗದವೂ ಎರಡು ಹೊಸ ಒಡಂಬಡಿಕೆಗಳೂ ಉಳಿದಿವೆ. ಪಂಡಿತರು ಅವುಗಳನ್ನು ಓದುತ್ತಾರೆ.